ಸೋರುವ ಗಾಳಿಯ ಆಸನವನ್ನು ನಾವೇ ಏಕೆ ಸರಿಪಡಿಸಬಾರದು?

ಚಿಕ್ಕಮಗಳೂರಿನಿಂದ ಮೂಡಿಗೆರೆಗೆ, ಅಲ್ಲಿಂದ ಕಳಸಕ್ಕೆ ಮೋಟಾರು ಸೈಕಲ್ಲಿನಲ್ಲಿ ಹೋಗಿಬರುವವರಿಗೆ ಬೆನ್ನುನೋವು ಹೊಸದಲ್ಲ. ಆಸನದ ಮೇಲೆ ಹಾಸಿ, ಬೇಕಾದಷ್ಟು ಗಾಳಿ ತುಂಬಿ, ಮೃದುತ್ವವನ್ನು ಹೆಚ್ಚು ಕಡಮೆ ಮಾಡಿಕೊಳ್ಳಬಹುದಾದ ಗಾಳಿಯ ಮೆತ್ತೆಗಳು ಈ ನೋವಿಗೆ ಪರಿಹಾರವಾಗಿ ಬಳಕೆಗೆ ಬಂದಿವೆ. ಒಂದು ದಿನ ಮೆತ್ತೆ ಕುಸಿಯುತ್ತದೆ. ‘ಸೋರುತ್ತಿದೆ, ಹೊಸದನ್ನು ಕೊಳ್ಳೋಣ’ ಎಂಬುದು ಸಾಮಾನ್ಯರ ತೀರ್ಮಾನ. ಭೌತವಿಜ್ಞಾನವನ್ನು ಓದುವ ವಿದ್ಯಾರ್ಥಿಗಳೂ ಹೀಗೆಯೇ ತೀರ್ಮಾನಿಸಿದರೆ ಅವರ ಓದಿನಿಂದಾದ ಪ್ರಯೋಜನವೇನು?

ಮೊದಲು ಕೇಳಬೇಕಾದ ಪ್ರಶ್ನೆ, ಮೆತ್ತೆ ನಿಜವಾಗಿಯೂ ಸೋರುತ್ತಿದೆಯೇ ಎಂಬುದು. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಅಲ್ಲಿನ ವಾಯುಭಾರವು ಮಂಗಳೂರಿನ ವಾಯುಭಾರದ ಶೇಕಡಾ 88ರಷ್ಟು ಮಾತ್ರ. ಇಲ್ಲಿ ಗಾಳಿ ತುಂಬಿ ಚಾರ್ಮಾಡಿ ಘಾಟಿಯನ್ನಿಳಿದು ಮಂಗಳೂರನ್ನು ಸೇರಿದರೆ ಒಳಗಿನ ಗಾಳಿ ಕುಗ್ಗಲೇಬೇಕು. 1662ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ ನಿಯಮದಂತೆ ಲೆಕ್ಕ ಹಾಕಿದರೆ, ಉಷ್ಣತೆ ಬದಲಾಗದಿದ್ದಲ್ಲಿ, ಗಾತ್ರವು ಶೇಕಡಾ 12ರಷ್ಟು ತಗ್ಗುತ್ತದೆ. ಕರಾವಳಿಯ ಬಿಸಿ ಇದರಲ್ಲಿ ಸ್ವಲ್ಪವನ್ನು ಮಾತ್ರ ತುಂಬಿಕೊಡಬಲ್ಲದು. ಮೆತ್ತೆಯಲ್ಲಿ ಒಂದು ಸೂಜಿಮೊನೆಯಷ್ಟು ರಂಧ್ರವೂ ಇಲ್ಲದೆ ಇದೆಲ್ಲ ನಡೆಯುತ್ತದೆ!

ಸಂದೇಹವನ್ನು ಪರಿಹರಿಸಿಕೊಳ್ಳುವುದು ಸುಲಭ. ಮನೆಯಲ್ಲಿಯೇ ಮೆತ್ತೆಯ ಮೇಲೆ ಒಂದು ಭಾರವನ್ನಿಟ್ಟು ಅದರ ದಪ್ಪವನ್ನು ಅಳೆಯಿರಿ. ಮರುದಿನ ಅದೇ ಹೊತ್ತಿಗೆ, ಹವೆ ಅಷ್ಟೇ ಬೆಚ್ಚಗಿರುವಾಗ ಮತ್ತೆ ಅಳೆಯಿರಿ. ದಪ್ಪ ಸ್ಪಷ್ಟವಾಗಿ ಕಡಮೆಯಾಗಿದ್ದರೆ ಸೋರಿಕೆಯಿದೆಯೆಂದು ತಿಳಿಯಬೇಕು. ಆಗ ಸಾಬೂನಿನ ನೀರನ್ನು ಮೊದಲು ವಾಲ್ವಿಗೆ, ಬಳಿಕ ಅಂಚಿನ ಹೊಲಿಗೆ ಬೆಸುಗೆಗಳಿಗೆ ಸವರಿರಿ. ಗುಳ್ಳೆಯೆದ್ದ ಕಡೆ ದೋಷವಿದೆ. ವಾಲ್ವಿನಲ್ಲಿ ಸಿಕ್ಕಿಕೊಂಡ ಧೂಳಿನ ಕಣವೊಂದೇ ಕಾರಣವಾಗಿರುವುದೂ ಉಂಟು.

ತೇಪೆ ಹಾಕುವ ಮುನ್ನ ಮೆತ್ತೆಯನ್ನು ಯಾವ ವಸ್ತುವಿನಿಂದ ಮಾಡಿದೆಯೆಂದು ತಿಳಿಯಬೇಕು. ಪಂಕ್ಚರ್ ಅಂಗಡಿಯ ರಬ್ಬರ್ ಸಲ್ಯೂಷನ್ನು ರಬ್ಬರಿಗೆ ಯುಕ್ತವಾದುದು. ಪಿವಿಸಿ ಅಥವಾ ಪಾಲಿಯುರಿಥೇನ್ ಮೆತ್ತೆಗೆ ಆಯಾ ವಸ್ತುವಿಗೆಂದೇ ತಯಾರಿಸಿದ ಅಂಟು ಬೇಕು. ರಬ್ಬರಾದರೆ ಮೇಲ್ಮೈಯನ್ನು ಉಪ್ಪು ಕಾಗದದಿಂದ ಉಜ್ಜಿ, ಒರಸಿ, ತೆಳುವಾಗಿ ಸಲ್ಯೂಷನ್ ಹಚ್ಚಿ, ಅದು ಬಹುಮಟ್ಟಿಗೆ ಒಣಗಿದ ಮೇಲೆ ತೇಪೆಯನ್ನು ಒತ್ತಬೇಕು. ಒದ್ದೆಯಿದ್ದರೆ ಅಂಟು ಹಿಡಿಯುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಮೆತ್ತೆಯನ್ನು ಬಚ್ಚಲೊಲೆಯ ಬಳಿ ದೂರದಲ್ಲಿಟ್ಟು ಒಣಗಿಸಬಹುದು. ಆದರೆ ಸಲ್ಯೂಷನ್ನಿನ ಆವಿ ಬೆಂಕಿ ಹಿಡಿಯುವಂಥದು. ಅದನ್ನು ಹಚ್ಚುವ ಕೆಲಸ ಒಲೆಯ ಹತ್ತಿರ ಸರ್ವಥಾ ಸಲ್ಲದು.

ಇನ್ನೊಂದು ಎಚ್ಚರಿಕೆ. 60 ಕಿಲೋಗ್ರಾಂ ತೂಕದವರು 0.1 ಚದರ ಮೀಟರ್ ವಿಸ್ತೀರ್ಣದ ಮೇಲೆ ಕುಳಿತರೆ ಮೆತ್ತೆಯ ಗಾಳಿಯ ಒತ್ತಡವು ಹೊರಗಿನದಕ್ಕಿಂತ ಸುಮಾರು 6,000 ಪ್ಯಾಸ್ಕಲ್ ಮಾತ್ರ ಹೆಚ್ಚುತ್ತದೆ. ಟಯರಿನಲ್ಲಿಯಾದರೋ ಈ ಹೆಚ್ಚಳ ಸುಮಾರು 2,00,000 ಪ್ಯಾಸ್ಕಲ್. ಆದಕಾರಣ ಪೆಟ್ರೋಲ್ ಬಂಕಿನ ಯಂತ್ರದಿಂದ ಮೆತ್ತೆಗೆ ಗಾಳಿ ತುಂಬಿದರೆ ಅದು ಹರಿದುಹೋದೀತು. ಹಾಗೆಯೇ, ಮೆತ್ತೆಯನ್ನು ಸರಿಪಡಿಸಿದ ಧೈರ್ಯದಿಂದ ಟಯರಿಗೆ ಕೈಹಾಕಬಾರದು. ಮೆತ್ತೆಯ ತೇಪೆ ಕಿತ್ತರೆ ಬೆನ್ನು ನೋಯುತ್ತದೆ. ಟಯರಿನ ತೇಪೆ ಕಿತ್ತರೆ ಪ್ರಾಣಕ್ಕೇ ಅಪಾಯ. ಆ ಕೆಲಸ ನುರಿತವರದು.

ಇಷ್ಟು ಅಲ್ಪ ವಸ್ತುವಿಗೆ ಇಷ್ಟೊಂದು ಶ್ರಮವೇಕೆಂದು ಕೆಲವರು ಕೇಳಬಹುದು. ಬೆಸುಗೆಯೆಲ್ಲ ಬಿಟ್ಟುಹೋದ ಮೆತ್ತೆಯನ್ನು ಎಸೆಯುವುದೇ ಸರಿಯೆಂದು ನಾನೂ ಒಪ್ಪುತ್ತೇನೆ. ಆದರೆ ಪರೀಕ್ಷಿಸಿ ಎಸೆಯುವುದು ಬೇರೆ, ಪರೀಕ್ಷಿಸದೆ ಎಸೆಯುವುದು ಬೇರೆ. ಮೈಸೂರಿನಲ್ಲಿ ಜಾವಾ, ಯೆಜ್ಡಿ ಮೋಟಾರು ಸೈಕಲ್ಲುಗಳನ್ನು ತಯಾರಿಸುತ್ತಿದ್ದ ಕಾರ್ಖಾನೆ 1996ರಲ್ಲಿಯೇ ಮುಚ್ಚಿತು. ಅಲ್ಲಿ ತಯಾರಾದ ಎಷ್ಟೋ ವಾಹನಗಳು ಇಂದಿಗೂ ಓಡುತ್ತಿರುವುದು ಬಿಚ್ಚಿ ನೋಡಿ ಸರಿಪಡಿಸುವವರ ಕೈಗುಣದಿಂದಲೇ.

ನಮ್ಮ ಪ್ರಯೋಗಾಲಯಗಳಲ್ಲಿ ಉತ್ತರವು ಪ್ರಯೋಗಕ್ಕೆ ಮೊದಲೇ ಗೊತ್ತಿರುತ್ತದೆ. ವಿದ್ಯಾರ್ಥಿಗಳು ಅದಕ್ಕೆ ತಕ್ಕ ಅಂಕಿಗಳನ್ನು ಬರೆದು ಒಪ್ಪಿಸುವುದನ್ನು ಅಧ್ಯಾಪಕರೆಲ್ಲ ಬಲ್ಲರು. ಸೋರುವ ಮೆತ್ತೆಯ ಉತ್ತರ ಯಾವ ಪುಸ್ತಕದಲ್ಲಿಯೂ ಇಲ್ಲ. ವರ್ಷಕ್ಕೊಂದು ಬಾರಿಯಾದರೂ, ಕೆಟ್ಟಿರುವ ಒಂದು ವಸ್ತುವನ್ನು ವಿದ್ಯಾರ್ಥಿಗಳ ಮುಂದಿಟ್ಟು ದೋಷವನ್ನು ಹುಡುಕಲು ಹೇಳುವುದು ಲೇಸು. ಉತ್ತರ ತಪ್ಪಾಗಿದ್ದರೆ ಅಧ್ಯಾಪಕರು ಹೇಳಬೇಕಾಗಿಲ್ಲ. ಮರುದಿನ ಬೆಳಿಗ್ಗೆ ಮೆತ್ತೆಯೇ ಹೇಳುತ್ತದೆ.