ಪ್ಯಾಂಕ್ರಿಯಾಸ್ ಕ್ಯಾನ್ಸರ್ ಆಪರೇಷನ್: 1 ಮಿಲಿಮೀಟರ್ ಅಂಚಿನ ಲೆಕ್ಕ ರೋಗಿಗೆ ಏಕೆ ಮುಖ್ಯ?

ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಆಸ್ಪತ್ರೆ ಪ್ಯಾಂಕ್ರಿಯಾಸ್ ಶಸ್ತ್ರಚಿಕಿತ್ಸೆಗೆ ಹೆಸರಾದ ಕೇಂದ್ರ. ಗೆಡ್ಡೆ ತೆಗೆದ ಮೇಲೂ ಅಂಚಿನಲ್ಲಿ ಕ್ಯಾನ್ಸರ್ ಕಣ ಕಂಡುಬಂದ ಪ್ರಕರಣಗಳ ಪ್ರಮಾಣ ಅಲ್ಲಿ ಮೊದಲು ಶೇ 14ರಷ್ಟಿತ್ತು. 2008ರಲ್ಲಿ ಅಲ್ಲಿನ ವೈದ್ಯರೇ ಪ್ರಕಟಿಸಿದ ಅಧ್ಯಯನದಲ್ಲಿ ಅದು ಶೇ 76ಕ್ಕೆ ಏರಿತ್ತು. ಹಾಗೆಂದು ಅಲ್ಲಿನ ಸರ್ಜನ್‌ಗಳ ಕೈಚಳಕ ಕುಂದಿರಲಿಲ್ಲ. ತೆಗೆದ ಭಾಗವನ್ನು ಲ್ಯಾಬ್‌ನಲ್ಲಿ ಪರೀಕ್ಷಿಸುವ ಕ್ರಮ ಬದಲಾಗಿತ್ತು.

ಅದಕ್ಕೂ ಮೊದಲು, 2006ರಲ್ಲಿ, ಇಂಗ್ಲೆಂಡಿನ ಲೀಡ್ಸ್‌ನಿಂದಲೂ ಇಂಥದ್ದೇ ವರದಿ ಬಂದಿತ್ತು. ಹಳೆಯ ಕ್ರಮದಲ್ಲಿ ಶೇ 53ರಷ್ಟಿದ್ದ ಪ್ರಮಾಣ, ಕಟ್ಟುನಿಟ್ಟಿನ ಹೊಸ ಕ್ರಮದಲ್ಲಿ ಶೇ 85 ಆಗಿತ್ತು.

ಆಪರೇಷನ್ ಮುಗಿದ ಮೇಲೆ ರೋಗಿಯ ಮನೆಯವರು ಕೇಳುವ ಮೊದಲ ಪ್ರಶ್ನೆ ‘ಗೆಡ್ಡೆ ಪೂರ್ತಿ ತೆಗೆದಿರಾ?’ ಎಂಬುದು. ಈ ಪ್ರಶ್ನೆಗೆ ಸಿಗುವ ಉತ್ತರ ಪೆಥಾಲಜಿ ಲ್ಯಾಬ್ ಎಷ್ಟು ಎಚ್ಚರದಿಂದ ಹುಡುಕಿದೆ ಎಂಬುದನ್ನೂ ಅವಲಂಬಿಸಿದೆ ಎಂಬುದನ್ನು ಈ ಎರಡೂ ಅಧ್ಯಯನಗಳು ತೋರಿಸಿದವು.

ಅಂಚು ಎಂದರೆ ಏನು?

ಹೊಟ್ಟೆಯ ಹಿಂಭಾಗದಲ್ಲಿ ಅಡಗಿರುವ ಮೇದೋಜ್ಜೀರಕ ಗ್ರಂಥಿಯೇ ಪ್ಯಾಂಕ್ರಿಯಾಸ್. ಇಲ್ಲಿನ ಕ್ಯಾನ್ಸರ್ ಆರಂಭದಲ್ಲಿ ಸುಳಿವು ಕೊಡುವುದು ಕಡಿಮೆ. ಕಾಮಾಲೆ, ತೂಕ ಇಳಿಕೆ, ಬೆನ್ನುನೋವು ಕಾಣಿಸುವ ಹೊತ್ತಿಗೆ ಬಹುತೇಕರಲ್ಲಿ ರೋಗ ಹರಡಿರುತ್ತದೆ. ಪತ್ತೆಯಾದಾಗಲೇ ಆಪರೇಷನ್‌ಗೆ ಯೋಗ್ಯವಾದ ಸ್ಥಿತಿಯಲ್ಲಿರುವವರು ಶೇ 15ರಿಂದ 20 ಮಂದಿ ಮಾತ್ರ.

ಗೆಡ್ಡೆ ಗ್ರಂಥಿಯ ತಲೆಭಾಗದಲ್ಲಿದ್ದರೆ ‘ವಿಪಲ್’ ಎಂಬ ದೊಡ್ಡ ಆಪರೇಷನ್ ನಡೆಯುತ್ತದೆ. ಗ್ರಂಥಿಯ ತಲೆ, ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶ ಮತ್ತು ಪಿತ್ತನಾಳದ ಒಂದು ಭಾಗವನ್ನು ಒಟ್ಟಿಗೆ ತೆಗೆಯುತ್ತಾರೆ. ಹೀಗೆ ತೆಗೆದ ಭಾಗದ ಹೊರ ಮೇಲ್ಮೈಯೇ ‘ಮಾರ್ಜಿನ್’ ಅಥವಾ ಅಂಚು. ಅಲ್ಲಿ ಕ್ಯಾನ್ಸರ್ ಕಣ ಇಲ್ಲದಿದ್ದರೆ ‘ಆರ್-0’, ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಂಡರೆ ‘ಆರ್-1’, ಬರಿಗಣ್ಣಿಗೆ ಕಾಣುವಷ್ಟು ಗೆಡ್ಡೆ ದೇಹದಲ್ಲೇ ಉಳಿದಿದ್ದರೆ ‘ಆರ್-2’ ಎಂದು ವೈದ್ಯರು ದಾಖಲಿಸುತ್ತಾರೆ.

ಬೇರೆ ಕೆಲವು ಕ್ಯಾನ್ಸರ್‌ಗಳಲ್ಲಿ ಸುತ್ತಲಿನ ಆರೋಗ್ಯಕರ ಅಂಗಾಂಶವನ್ನೂ ಧಾರಾಳವಾಗಿ ಸೇರಿಸಿ ತೆಗೆಯಬಹುದು. ಇಲ್ಲಿ ಅದಕ್ಕೆ ಜಾಗವಿಲ್ಲ. ಕರುಳಿಗೆ ರಕ್ತ ಒಯ್ಯುವ ಮುಖ್ಯ ಅಪಧಮನಿ ಮತ್ತು ಅಲ್ಲಿಂದ ರಕ್ತ ತರುವ ಅಭಿಧಮನಿ ಗ್ರಂಥಿಗೆ ಅಂಟಿಕೊಂಡಂತೆಯೇ ಹಾದುಹೋಗುತ್ತವೆ. ಅವುಗಳ ಸುತ್ತಲಿನ ನರಗಳ ಗುಂಟ ಹರಿದುಹೋಗುವುದು ಈ ಕ್ಯಾನ್ಸರ್‌ನ ಸ್ವಭಾವ. ಹಾಗಾಗಿ ಕಣಗಳು ಹೆಚ್ಚಾಗಿ ಉಳಿಯುವುದು ಈ ರಕ್ತನಾಳಗಳ ಕಡೆಯ ಮತ್ತು ಹಿಂಬದಿಯ ಅಂಚಿನಲ್ಲಿ.

ಲ್ಯಾಬ್‌ನಲ್ಲಿ ಬದಲಾಗಿದ್ದು ಏನು?

ಹೊಸ ಕ್ರಮದಲ್ಲಿ ಒಂದೊಂದು ಅಂಚಿಗೂ ಒಂದೊಂದು ಬಣ್ಣದ ಶಾಯಿ ಬಳಿಯುತ್ತಾರೆ. ಸೂಕ್ಷ್ಮದರ್ಶಕದಡಿ ಕಣ ಕಂಡರೆ ಅದು ಯಾವ ಕಡೆಯದು ಎಂದು ಬಣ್ಣದಿಂದಲೇ ಗೊತ್ತಾಗುತ್ತದೆ. ನಂತರ ಇಡೀ ಭಾಗವನ್ನು ಸೌತೆಕಾಯಿ ಹೆಚ್ಚಿದಂತೆ ಅಡ್ಡಡ್ಡಲಾಗಿ ತೆಳು ಬಿಲ್ಲೆಗಳಾಗಿ ಕತ್ತರಿಸುತ್ತಾರೆ. ಪ್ರತಿ ಬಿಲ್ಲೆಯಲ್ಲೂ ಗೆಡ್ಡೆ ಮತ್ತು ಅದರ ಸುತ್ತಲಿನ ಅಂಚು ಒಟ್ಟಿಗೆ ಕಾಣುತ್ತವೆ. ನಾಳದ ಉದ್ದಕ್ಕೆ ಸೀಳಿ, ನಾಲ್ಕಾರು ಕಡೆಯಿಂದಷ್ಟೇ ಮಾದರಿ ತೆಗೆಯುವ ಹಳೆಯ ಪದ್ಧತಿಯಲ್ಲಿ ಹಿಂಬದಿಯ ಅಂಚು ಪರೀಕ್ಷೆಯಿಂದ ತಪ್ಪಿಸಿಕೊಳ್ಳುವ ಸಾಧ್ಯತೆ ಹೆಚ್ಚಿತ್ತು.

ಎಷ್ಟು ಅಂತರ ಇದ್ದರೆ ಅಂಚು ‘ಶುದ್ಧ’ ಎಂಬ ವಿಷಯದಲ್ಲೂ ಎರಡು ಅಳತೆಗಳಿವೆ. ಕಣ ಅಂಚನ್ನು ಮುಟ್ಟಿದ್ದರೆ ಮಾತ್ರ ಆರ್-1 ಎನ್ನುವುದು ಒಂದು. ಕಣ ಅಂಚಿನಿಂದ 1 ಮಿಲಿಮೀಟರ್ ಒಳಗೆ ಇದ್ದರೂ ಆರ್-1 ಎನ್ನುವುದು ಬ್ರಿಟನ್‌ನ ರಾಯಲ್ ಕಾಲೇಜ್ ಆಫ್ ಪೆಥಾಲಜಿಸ್ಟ್ಸ್ ಪಾಲಿಸಿಕೊಂಡು ಬಂದ ಇನ್ನೊಂದು ಅಳತೆ. ಒಂದೇ ಸ್ಲೈಡ್ ಒಂದು ಊರಿನಲ್ಲಿ ಆರ್-0, ಇನ್ನೊಂದು ಊರಿನಲ್ಲಿ ಆರ್-1 ಆಗಬಹುದು.

ಈ ಅಂತರ ಬರೀ ತಾಂತ್ರಿಕ ಚರ್ಚೆಯೇ? 2017ರಲ್ಲಿ ಹೈಡೆಲ್‌ಬರ್ಗ್ ತಂಡ ಪ್ರಕಟಿಸಿದ ಲೆಕ್ಕ ಹಾಗೆ ಹೇಳುವುದಿಲ್ಲ. ಅಂಚಿನಿಂದ 1 ಮಿ.ಮೀ.ಗಿಂತ ಹೆಚ್ಚು ಅಂತರ ಇದ್ದವರಲ್ಲಿ ಬದುಕುಳಿದ ಅವಧಿಯ ಮಧ್ಯಾಂಕ 41.6 ತಿಂಗಳು. 1 ಮಿ.ಮೀ. ಒಳಗೆ ಕಣ ಇದ್ದವರಲ್ಲಿ 27.5 ತಿಂಗಳು. ಕಣ ಅಂಚನ್ನೇ ಮುಟ್ಟಿದ್ದವರಲ್ಲಿ 23.4 ತಿಂಗಳು.

ಆರ್-1 ಎಂದರೆ ಆಸೆ ಬಿಡಬೇಕೇ?

ಖಂಡಿತ ಇಲ್ಲ. ಅಂಚು ಶುದ್ಧವಾಗಿದ್ದರೂ ಈ ಕ್ಯಾನ್ಸರ್ ಮರಳುವ ಅಪಾಯ ದೊಡ್ಡದು. ಆದ್ದರಿಂದ ಆರ್-0 ಇರಲಿ, ಆರ್-1 ಇರಲಿ, ದೇಹ ತಡೆದುಕೊಳ್ಳುವಂತಿದ್ದರೆ ಕೀಮೋಥೆರಪಿ ಸಲಹೆ ಮಾಡುತ್ತಾರೆ. ಫ್ರಾನ್ಸ್ ಮತ್ತು ಕೆನಡಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆಪರೇಷನ್ ನಂತರ ಹಲವು ಔಷಧಗಳ ಫೋಲ್ಫಿರಿನಾಕ್ಸ್ ಚಿಕಿತ್ಸೆ ಪಡೆದವರ ಬದುಕಿನ ಮಧ್ಯಾಂಕ 54.4 ತಿಂಗಳಿತ್ತು. ಜೆಮ್ಸಿಟಾಬಿನ್ ಮಾತ್ರ ಪಡೆದವರಲ್ಲಿ ಅದು 35 ತಿಂಗಳು. ಆ ಪ್ರಯೋಗದಲ್ಲಿ ಆರ್-1 ರೋಗಿಗಳೂ ಇದ್ದರು.

ಆಪರೇಷನ್‌ಗೆ ಮೊದಲೇ ಕೀಮೋ ಕೊಡುವ ಪದ್ಧತಿಯೂ ಹೆಚ್ಚುತ್ತಿದೆ. ಇದರಿಂದ ಗೆಡ್ಡೆ ಕುಗ್ಗುತ್ತದೆ, ಆದರೆ ಉಳಿದ ಕಣಗಳು ಒಂದೇ ಕಡೆ ಇರದೆ ಚದುರಿರುತ್ತವೆ. ಅಂಥ ಕಡೆ 1 ಮಿ.ಮೀ. ಅಂತರವನ್ನೇ ನಂಬಿ ‘ಶುದ್ಧ’ ಎನ್ನುವುದು ಇನ್ನಷ್ಟು ಕಷ್ಟ.

ಶೇಕಡಾವಾರು ನೋಡಿ ಆಸ್ಪತ್ರೆ ಆರಿಸಬೇಡಿ

‘ನಮ್ಮಲ್ಲಿ ಶೇ 90ರಷ್ಟು ಆರ್-0’ ಎಂದು ಒಂದು ಆಸ್ಪತ್ರೆ ಹೇಳಿಕೊಂಡರೆ ಅಲ್ಲಿನ ಸರ್ಜನ್ ನಿಪುಣರಿರಬಹುದು, ಇಲ್ಲವೇ ಅಲ್ಲಿನ ಲ್ಯಾಬ್ ಸರಿಯಾಗಿ ಹುಡುಕಿಲ್ಲದಿರಬಹುದು. ಪ್ರಾಮಾಣಿಕವಾಗಿ ಹುಡುಕಿದ ಆಸ್ಪತ್ರೆಯೇ ಅಂಕಿಅಂಶದಲ್ಲಿ ಕೆಟ್ಟದಾಗಿ ಕಾಣುವುದು ಈ ಲೆಕ್ಕದ ವಿಚಿತ್ರ. ಪರೀಕ್ಷಾ ಕ್ರಮ ಒಂದೇ ಆಗುವವರೆಗೆ ಈ ಹೋಲಿಕೆಗೆ ಬೆಲೆಯಿಲ್ಲ.

ಹೋಲಿಸಲೇಬೇಕೆಂದರೆ, ವರ್ಷಕ್ಕೆ ಇಂಥ ಎಷ್ಟು ಆಪರೇಷನ್ ನಡೆಯುತ್ತವೆ ಎಂದು ಕೇಳುವುದು ಲೇಸು. ಅಮೆರಿಕದ ಮೆಡಿಕೇರ್ ರೋಗಿಗಳ ಕುರಿತು 2002ರಲ್ಲಿ ಬಂದ ಅಧ್ಯಯನದ ಪ್ರಕಾರ, ಪ್ಯಾಂಕ್ರಿಯಾಸ್ ಆಪರೇಷನ್ ತೀರಾ ವಿರಳವಾಗಿ ಮಾಡುವ ಆಸ್ಪತ್ರೆಗಳಲ್ಲಿ ಸಾವಿನ ಪ್ರಮಾಣ ಶೇ 16.3, ಅತಿ ಹೆಚ್ಚು ಮಾಡುವಲ್ಲಿ ಶೇ 3.8.

ವರದಿಯಲ್ಲಿ ಏನು ಇರಬೇಕು?

ಒಂದು ಊರಿನಲ್ಲಿ ಆಪರೇಷನ್ ಮಾಡಿಸಿ, ಕೀಮೋಗೆ ಅಥವಾ ಎರಡನೇ ಅಭಿಪ್ರಾಯಕ್ಕೆ ಇನ್ನೊಂದು ಊರಿಗೆ ಹೋಗುವುದು ನಮ್ಮಲ್ಲಿ ಸಾಮಾನ್ಯ. ಹುಬ್ಬಳ್ಳಿ, ಕಲಬುರಗಿ ಕಡೆಯವರು ಫೈಲ್ ಹಿಡಿದು ಮುಂಬೈನ ಪರೇಲ್‌ನಲ್ಲಿರುವ ಟಾಟಾ ಮೆಮೋರಿಯಲ್‌ಗೋ ಹೈದರಾಬಾದ್‌ಗೋ ಬಂದಾಗ ಮುಂದಿನ ವೈದ್ಯರಿಗೆ ಆಧಾರ ಆ ಹಿಸ್ಟೊಪೆಥಾಲಜಿ ವರದಿಯೇ. ಅದರಲ್ಲಿ ‘ಮಾರ್ಜಿನ್ ಫ್ರೀ’ ಎಂಬ ಎರಡೇ ಪದ ಇದ್ದರೆ ಸಾಲದು. ಒಂದೊಂದು ಅಂಚಿನ ಹೆಸರು, ಅದಕ್ಕೂ ಕಣಕ್ಕೂ ಇರುವ ಅಂತರ ಮಿಲಿಮೀಟರ್‌ಗಳಲ್ಲಿ, ಪರೀಕ್ಷಿಸಿದ ದುಗ್ಧಗ್ರಂಥಿಗಳು ಎಷ್ಟು, ಅವುಗಳಲ್ಲಿ ಕ್ಯಾನ್ಸರ್ ಕಂಡಿದ್ದು ಎಷ್ಟರಲ್ಲಿ ಎಂಬ ವಿವರ ಇರಬೇಕು.

ಸ್ಲೈಡ್ ಮತ್ತು ಬ್ಲಾಕ್‌ಗಳನ್ನು ಪಡೆದು ಬೇರೆ ಪೆಥಾಲಜಿಸ್ಟ್‌ಗೆ ತೋರಿಸಬಹುದು. ಆದರೆ ಇದಕ್ಕೊಂದು ಮಿತಿಯಿದೆ. ಕಣ ಯಾವ ಬಗೆಯದು ಎಂದು ಮತ್ತೆ ನೋಡಬಹುದೇ ಹೊರತು, ಶಾಯಿ ಹಚ್ಚದೆ, ದಿಕ್ಕು ಗುರುತಿಸದೆ ಕತ್ತರಿಸಿದ ಭಾಗದ ಅಂಚನ್ನು ಮತ್ತೆ ಜೋಡಿಸಿ ಅಳೆಯಲು ಬರುವುದಿಲ್ಲ. ಹಾಗಾಗಿ ಆಪರೇಷನ್‌ಗೆ ಮುನ್ನವೇ ಎರಡು ಪ್ರಶ್ನೆ ಕೇಳುವುದು ಒಳ್ಳೆಯದು: ತೆಗೆದ ಭಾಗ ಯಾವ ಲ್ಯಾಬ್‌ಗೆ ಹೋಗುತ್ತದೆ? ಅಂಚುಗಳನ್ನು ಸರ್ಜನ್ ಗುರುತು ಮಾಡಿ ಕಳಿಸುತ್ತಾರೆಯೇ?

ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಬೇಕಿರುವುದು ಬಣ್ಣದ ಶಾಯಿ, ಪೆಥಾಲಜಿಸ್ಟ್‌ಗೆ ಸಾಕಷ್ಟು ಸಮಯ ಮತ್ತು ಎಲ್ಲರೂ ಪಾಲಿಸುವ ಒಂದೇ ನಮೂನೆಯ ವರದಿ. ದೇಶದ 300ಕ್ಕೂ ಹೆಚ್ಚು ಕೇಂದ್ರಗಳನ್ನು ಜೋಡಿಸಿರುವ ನ್ಯಾಷನಲ್ ಕ್ಯಾನ್ಸರ್ ಗ್ರಿಡ್‌ನಂಥ ಜಾಲ ಇರುವಾಗ ಆ ನಮೂನೆಯನ್ನು ಸಣ್ಣ ಊರಿನ ಲ್ಯಾಬ್‌ಗೂ ತಲುಪಿಸುವುದು ಆಗದ ಕೆಲಸವೇನಲ್ಲ.