ಲೆಕ್ಕ ಹೇಳದ ಮಾಸ್ತರು

ಟಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ಕಳೆದ ಜೂನ್ ತಿಂಗಳಲ್ಲಿ ಮಗಳನ್ನು ಕರೆದುಕೊಂಡು ನನ್ನ ಮನೆಗೆ ಬಂದಿದ್ದರು. ವಿಜಯಪುರದ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಹೀಗೆ ಜನ ಬರುವುದು ಹೊಸದಲ್ಲ. ಹುಡುಗಿ ಪಿ.ಯು.ಸಿ.ಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ಬಿ.ಎಸ್ಸಿ. ಸೇರಿ ಫಿಜಿಕ್ಸೇ ಓದುತ್ತೇನೆಂದು ಹಟ ಹಿಡಿದಿದ್ದಳು. ತಂದೆ ಚಹಾದ ಕಪ್ಪು ಕೆಳಗಿಟ್ಟು ನೇರವಾಗಿ ಕೇಳಿದರು: “ಸರ, ಇದಕ್ಕ ರೊಕ್ಕ ಎಷ್ಟು ಹೋಗ್ತೈತಿ, ಹೊಳ್ಳಿ ಎಷ್ಟು ಬರ್ತೈತಿ? ಅಷ್ಟು ಹೇಳ್ರಿ.”

ಹತ್ತು ವರ್ಷದ ಹಿಂದಾಗಿದ್ದರೆ ನನಗೆ ಸಿಟ್ಟು ಬರುತ್ತಿತ್ತು. ವಿದ್ಯೆಯನ್ನು ಒಣದ್ರಾಕ್ಷಿಯ ಹಾಗೆ ತಕ್ಕಡಿಗೆ ಹಾಕುತ್ತೀರಾ ಎಂದು ಭಾಷಣ ಬಿಗಿಯುತ್ತಿದ್ದೆ. ಬಿಗಿದದ್ದೂ ಉಂಟು. ಪ್ರತಿ ಫೆಬ್ರುವರಿ 28ಕ್ಕೆ ವಿಜ್ಞಾನ ದಿನವೆಂದು ಸಿ.ವಿ. ರಾಮನ್ ಅವರ ಫೋಟೊಕ್ಕೆ ಹಾರ ಹಾಕಿ, ಎದುರಿಗೆ ಕುಳಿತ ರೈತರ ಮಕ್ಕಳಿಗೆ ಜ್ಞಾನಕ್ಕೆ ಬೆಲೆ ಕಟ್ಟಬೇಡಿರೆಂದು ಹೇಳುತ್ತಿದ್ದೆ. ನನ್ನ ಪಗಾರ ಮಾತ್ರ ತಿಂಗಳು ತಿಂಗಳು ಬ್ಯಾಂಕಿಗೆ ಬಂದು ಬೀಳುತ್ತಿತ್ತು.

ಆ ಫೋಟೊದಲ್ಲಿದ್ದ ಮನುಷ್ಯ ಏನು ಮಾಡಿದ್ದರು? 1907ರಲ್ಲಿ ಎಂ.ಎ. ಮುಗಿಸಿದ ರಾಮನ್ ಸೇರಿದ್ದು ಸರಕಾರದ ಹಣಕಾಸು ಇಲಾಖೆಗೆ. ಕಲಕತ್ತೆಯಲ್ಲಿ ಅಸಿಸ್ಟಂಟ್ ಅಕೌಂಟಂಟ್ ಜನರಲ್! ಭೌತಶಾಸ್ತ್ರ ನಂಬಿ ಕುಳಿತರೆ ಆಗಿನ ಕಾಲಕ್ಕೆ ಹೊಟ್ಟೆ ತುಂಬುತ್ತಿರಲಿಲ್ಲ. ಹತ್ತು ವರ್ಷ ಹಗಲು ಸರಕಾರದ ಲೆಕ್ಕ, ಮುಂಜಾನೆ ಸಂಜೆ ಪ್ರಯೋಗಾಲಯ. 1917ರಲ್ಲಿ ಪಾಲಿತ್ ಪ್ರಾಧ್ಯಾಪಕ ಪೀಠ ಸಿಕ್ಕಾಗ ಕಡಿಮೆ ಸಂಬಳವೆಂದು ತಿಳಿದೇ ಒಪ್ಪಿಕೊಂಡರು. ತ್ಯಾಗವೇ ಸರಿ, ಆದರೆ ಎಷ್ಟು ಕಳೆದುಕೊಳ್ಳುತ್ತೇನೆ ಎಂಬುದನ್ನು ಪೈಸೆ ಸಹಿತ ಬಲ್ಲವನ ತ್ಯಾಗ. ನಮ್ಮೂರಲ್ಲೇ ಫ.ಗು. ಹಳಕಟ್ಟಿಯವರಿಲ್ಲವೆ? ವಚನ ಅಚ್ಚು ಹಾಕಿಸಲು ಮನೆ ಮಾರಿದವರು. ಮಾರಿದ್ದು ತಮ್ಮ ಮನೆ, ಇನ್ನೊಬ್ಬರದಲ್ಲ. ನಾವು ಮಾಸ್ತರು ಮಾರಿಸುವುದು ಕೇಳುಗರ ಮನೆ.

ಇದನ್ನು ನನಗೆ ಕಲಿಸಿದವನು ಬಬಲೇಶ್ವರದ ಒಬ್ಬ ಹುಡುಗ. ಎಲೆಕ್ಟ್ರಾನಿಕ್ಸ್ ಪ್ರಯೋಗದಲ್ಲಿ ಅವನ ಕೈ ಮುಟ್ಟಿದರೆ ಸರ್ಕಿಟ್ ತಾನೇ ಮಾತಾಡುತ್ತಿತ್ತು. ಬಿ.ಎಸ್ಸಿ. ಆದಮೇಲೆ ಬಿ.ಎಡ್. ಮಾಡಿ ಹೈಸ್ಕೂಲು ಸೇರುತ್ತೇನೆಂದ. ನಾನೇ ತಡೆದೆ. ನಿನ್ನಂಥವನು ಎಂ.ಎಸ್ಸಿ. ಮಾಡದಿದ್ದರೆ ಇನ್ನಾರು ಮಾಡಬೇಕು ಎಂದೆ. ಧಾರವಾಡಕ್ಕೆ ಹೋದ, 2010ರಲ್ಲಿ ಮುಗಿಸಿದ, ಅತಿಥಿ ಉಪನ್ಯಾಸಕನಾದ. ಅತಿಥಿ ಎನ್ನುವ ಶಬ್ದವನ್ನು ಯಾರು ಹುಡುಕಿದರೋ, ಊಟವಿಲ್ಲದ ಅತಿಥಿ. 2022ರ ಜನವರಿಯವರೆಗೆ ಸರಕಾರಿ ಪದವಿ ಕಾಲೇಜುಗಳಲ್ಲಿ ಇವರಿಗೆ ತಿಂಗಳಿಗೆ 11,000, ನೆಟ್ ಇದ್ದವರಿಗೆ 13,000 ರೂಪಾಯಿ. ವರ್ಷ ಮುಗಿದರೆ ಕೆಲಸವೂ ಮುಗಿಯಿತು. ಆಮೇಲೆ ಗೌರವಧನವನ್ನು 26,000ದಿಂದ 32,000ಕ್ಕೆ ಏರಿಸಿದರು, ಜೊತೆಗೆ ವಾರದ ಪಾಠವನ್ನು 15 ಗಂಟೆಗೆ ಏರಿಸಿದ್ದರಿಂದ ಎಷ್ಟೋ ಜನರ ಜಾಗವೇ ಹೋಯಿತು. ನಮ್ಮ ಹುಡುಗ ಅಷ್ಟರವರೆಗೂ ಕಾಯಲಿಲ್ಲ. 2019ರಲ್ಲಿ ಬಿಟ್ಟು ಹನಿ ನೀರಾವರಿ ಪೈಪಿನ ಅಂಗಡಿ ಹಾಕಿದ. ಒಮ್ಮೆ ಅಂಗಡಿಯಲ್ಲಿ ಕುಳಿತು ಮಾತಾಡುವಾಗ ಅಂದ: “ಫಿಜಿಕ್ಸ್ ಓದಿದ್ದು ಬ್ಯಾಸರ ಇಲ್ರಿ ಸರ. ನೀವು ಲೆಕ್ಕಾ ಹೇಳಲಿಲ್ಲ, ಅದಷ್ಟ ಬ್ಯಾಸರ.”

ಅಂದು ಬಸ್ಸಿನಲ್ಲಿ ಬರುವಾಗ ನನಗೇ ಒಂದು ಪ್ರಶ್ನೆ ಎದ್ದಿತು. ಜೂನ್ ಬಂದಾಗಲೆಲ್ಲ ನಾವು ಶುದ್ಧ ವಿಜ್ಞಾನವನ್ನು ಹೊಗಳುತ್ತಿದ್ದುದು ಯಾಕೆ? ಹುಡುಗರು ಕಡಿಮೆಯಾದರೆ ವಿಭಾಗದ ವರ್ಕ್‌ಲೋಡ್ ಇಳಿಯುತ್ತಿತ್ತು. ವರ್ಕ್‌ಲೋಡ್ ಇಳಿದರೆ ನಮ್ಮಲ್ಲೊಬ್ಬರ ಖುರ್ಚಿ ಅಲುಗಾಡುತ್ತಿತ್ತು. ಸತ್ಯ ಇಷ್ಟೇ. ಸಹೋದ್ಯೋಗಿಗಳು ಬೈಯಲಿ.

ಹಾಗಂತ ಫಿಜಿಕ್ಸ್ ದಂಡ ಎನ್ನುವವರ ಪಕ್ಷವೂ ನನ್ನದಲ್ಲ. ಇಂಜಿನಿಯರಿಂಗ್ ಸೀಟಿಗೆ ಹೊಲ ಮಾರುವ ಅಪ್ಪ ಹೊಳ್ಳಿ ಎಷ್ಟು ಬರುತ್ತದೆ ಎಂದು ಕೇಳುವುದಿಲ್ಲ; ಬಿ.ಎಸ್ಸಿ.ಗೆ ಮಾತ್ರ ಕೇಳುತ್ತಾನೆ. ತುಬಚಿ-ಬಬಲೇಶ್ವರ ಏತ ನೀರಾವರಿಯ ಪಂಪು ಕೃಷ್ಣೆಯ ನೀರನ್ನು ಎತ್ತುವುದು, ಕೂಡಗಿಯ 2,400 ಮೆಗಾವ್ಯಾಟ್ ಸ್ಥಾವರ ತಿರುಗುವುದು ಯಾವ ಶಾಸ್ತ್ರದ ಮೇಲೆ? ಪಂಪು ಇದೆಯೆಂದು ಪದವಿಗೆ ನೌಕರಿ ಹುಟ್ಟುವುದಿಲ್ಲ, ಅದೂ ನಿಜ.

ಬೆಳೆಗಾರರಿಗೆ ಒಂದು ಹಾಳೆ ತೆಗೆದುಕೊಂಡು ಬರೆದುಕೊಟ್ಟೆ. ಫೀಯದು ದೊಡ್ಡ ಮಾತಲ್ಲ. ಇಂಜಿನಿಯರಿಂಗಿನ ಮುಂದೆ ಚಿಲ್ಲರೆ. 2023ರ ಜೂನ್‌ನಿಂದ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಚೀಟಿಯ ಖರ್ಚೂ ಇಲ್ಲ. ಖರ್ಚಾಗುವುದು ವರ್ಷ. ಹೈಸ್ಕೂಲು ಶಿಕ್ಷಕಿಯಾಗಲು ಬಿ.ಎಸ್ಸಿ. ಮೂರು, ಬಿ.ಎಡ್. ಎರಡು, ಒಟ್ಟು ಐದು. ಪಿ.ಯು. ಉಪನ್ಯಾಸಕಿಯಾಗಲು ನಡುವೆ ಎಂ.ಎಸ್ಸಿ. ಎರಡು ಸೇರಿ ಏಳು. ಅದಾದ ಮೇಲೆ ಸರಕಾರ ಅರ್ಜಿ ಕರೆಯುವ ತನಕ ಕಾಯುವುದು. ಅದಕ್ಕೆ ಅಂಕಿ ಬರೆಯಲಿಲ್ಲ, ಒಂದು ಗೆರೆ ಎಳೆದೆ. ಸಿ.ಎಸ್.ಐ.ಆರ್. ನೆಟ್‌ನಲ್ಲಿ ಜೆ.ಆರ್.ಎಫ್. ಬಂದರೆ ಸಂಶೋಧನೆಗೆ 2023ರಿಂದ ತಿಂಗಳಿಗೆ 37,000. ಕ್ಯಾನ್ಸರಿಗೆ ಕಿರಣ ಚಿಕಿತ್ಸೆ ಕೊಡುವ ಆಸ್ಪತ್ರೆಗೆ ಭೌತವಿಜ್ಞಾನಿ ಇರಲೇಬೇಕೆಂದು ನಿಯಮವಿದೆ; ಎಂ.ಎಸ್ಸಿ. ಮೇಲೆ ವಿಕಿರಣ ಭೌತಶಾಸ್ತ್ರದ ಡಿಪ್ಲೊಮಾ ಬೇಕು. ಮೂವತ್ತೊಂದು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಗೂ ನಾನು ಇದನ್ನು ಹೇಳಿರಲಿಲ್ಲ. 2008ರಲ್ಲಿ ಶುರುವಾದ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ, ಬೋರ್ಡಿನಲ್ಲಿ ಮೇಲಿನ ನೂರಕ್ಕೊಬ್ಬರಿಗೆ. ಅದರ ಸುತ್ತೋಲೆ ನಮ್ಮ ನೋಟೀಸು ಬೋರ್ಡಿನ ಗಾಜಿನೊಳಗೆ ಹಳದಿಯಾಗುವವರೆಗೂ ಇರುತ್ತಿತ್ತು. ಕೀಲಿಕೈ ನನ್ನ ಕಡೆಗೇ ಇತ್ತು.

ತಂದೆ ಹಾಳೆಯನ್ನು ಎರಡು ಸಲ ಓದಿದರು. ಗೆರೆಯ ಮೇಲೆ ಬೆರಳಿಟ್ಟು, “ಇದು ಎಷ್ಟು ವರ್ಷರಿ?” ಎಂದರು. ಗೊತ್ತಿಲ್ಲ, ಐದೂ ಆಗಬಹುದು, ಹತ್ತೂ ಆಗಬಹುದು, ಅಷ್ಟು ವರ್ಷ ಮನೆಯಲ್ಲಿ ಸಾಕುವ ಶಕ್ತಿ ಇದ್ದರೆ ಎಂ.ಎಸ್ಸಿ., ಇಲ್ಲದಿದ್ದರೆ ಐದು ವರ್ಷದ ದಾರಿ ಹಿಡಿಯಿರಿ ಎಂದೆ.

ಅಲ್ಲಿಯವರೆಗೆ ಸುಮ್ಮನಿದ್ದ ಹುಡುಗಿ ಆಗ ಬಾಯಿ ಬಿಟ್ಟಳು. ಹಣ್ಣಿನ ಸಿಹಿ ನೋಡುವ ದುರ್ಬೀನಿನಂಥ ಸಾಧನವನ್ನು ವ್ಯಾಪಾರಿಗಳು ತೋಟಕ್ಕೆ ತರುತ್ತಾರಲ್ಲ, ಅದರ ಸುದ್ದಿ. “ಒಂದ ಬಳ್ಳಿ ಹಣ್ಣು ಮುಂಜಾನೆ ಹೆಚ್ಚ ತೋರಸ್ತೈತ್ರಿ, ಮಧ್ಯಾಹ್ನ ಕಡಿಮಿ. ಯಾಕ್ರಿ?” ರಸ ಬಿಸಿಯಾದರೆ ಅದರಲ್ಲಿ ಬೆಳಕು ಬಾಗುವುದು ಕಡಿಮೆಯಾಗುತ್ತದೆ, ಆ ಸಾಧನದ ಗೆರೆಗಳು 20 ಡಿಗ್ರಿ ಉಷ್ಣತೆಗೆ ಹಾಕಿದವು, ತಿದ್ದುವ ವ್ಯವಸ್ಥೆ ಇಲ್ಲದ ಸಾಧನವಾದರೆ ನಮ್ಮ ಮಾರ್ಚ್ ತಿಂಗಳ ಮಧ್ಯಾಹ್ನಕ್ಕೆ ಸುಳ್ಳು ಹೇಳುತ್ತದೆ ಎಂದೆ. ಅವಳು ಇನ್ನೂ ಏನೋ ಕೇಳುವವಳಿದ್ದಳು.

ಹಾಳೆ ಮಡಿಚುತ್ತಿದ್ದ ತಂದೆ ಕೈ ನಿಲ್ಲಿಸಿ ನನ್ನನ್ನೇ ನೋಡಿದರು. “ಹಂಗಾರ ಸರ, ಅವರು ಮಧ್ಯಾಹ್ನನ ಯಾಕ ಬರ್ತಾರ್ರಿ ರೇಟ್ ಕಟ್ಟಾಕ?”