ಒರಳುಕಲ್ಲು ಕೊಚ್ಚಿಗೆ, ಡಾಂಬರಿನ ತಗಡು ಮಿಲಾನಿಗೆ

ರಾಜಾಜಿನಗರದ ಹಳೆಯ ಬ್ಲಾಕುಗಳಲ್ಲಿ ಬೆಳಗ್ಗೆ ಒಂದು ಸುತ್ತು ಹಾಕಿದರೆ ಎಲ್ಲಾದರೂ ಒಂದು ಮನೆ ಬೀಳುತ್ತಿರುತ್ತದೆ. 1949ರಲ್ಲಿ ಸಿ. ರಾಜಗೋಪಾಲಾಚಾರಿಯವರ ಹೆಸರು ಹೊತ್ತು ಹುಟ್ಟಿದ ಬಡಾವಣೆ ಇದು. ಮೊದಲ ತಲೆಮಾರು ಕಟ್ಟಿಸಿದ ಮನೆಗಳು ಒಂದೊಂದಾಗಿ ನೆಲಸಮವಾಗಿ ಅದೇ ಸೈಟಿನಲ್ಲಿ ನಾಲ್ಕಂತಸ್ತು ಏಳುತ್ತಿವೆ. ಬಾಗಿಲು, ಕಿಟಕಿ, ಗ್ರಿಲ್ಲುಗಳಿಗೆ ಗಿರಾಕಿ ಇದೆ. ಗುಜರಿಯವರು ಕಾಂಕ್ರೀಟು ಒಡೆದು ಕಬ್ಬಿಣದ ಸರಳನ್ನೂ ಎಳೆದುಕೊಳ್ಳುತ್ತಾರೆ. ಉಳಿದುಹೋಗುವುದು ಅಡುಗೆಮನೆಯಲ್ಲಿದ್ದ ಒರಳುಕಲ್ಲು. ಇಡ್ಲಿ ಹಿಟ್ಟು ಮಿಕ್ಸಿಗೆ, ಗ್ರೈಂಡರಿಗೆ ಹೋದ ಮೇಲೆ ಅದಕ್ಕೆ ಕೆಲಸವಿಲ್ಲ. ಹಬ್ಬಕ್ಕೆ ಅರಿಸಿನ ಕುಂಕುಮ ಇಟ್ಟು ಪೂಜಿಸಿದ ಕಲ್ಲನ್ನು ಒಡೆಯಲು ಮನಸ್ಸೂ ಬರುವುದಿಲ್ಲ. ಇಬ್ಬರು ಸೇರಿ ಅದನ್ನು ಉರುಳಿಸಿಕೊಂಡು ಹೋಗಿ ಬೀದಿಯ ಮೂಲೆಯ ಹೊಂಗೆ ಮರದ ಬುಡದಲ್ಲಿ ಬಿಟ್ಟು ಬರುತ್ತಾರೆ. ಮಳೆ ಬಂದರೆ ಅದರ ಗುಳಿಯಲ್ಲಿ ನೀರು ನಿಲ್ಲುತ್ತದೆ, ಕಾಗೆ ಬಂದು ಕುಡಿಯುತ್ತದೆ.

ಹೀಗೆ ಬೆಂಗಳೂರಿನ ಮನೆಗಳಿಂದ ಹೊರಬಿದ್ದ 170 ಕಲ್ಲುಗಳು 2012ರಲ್ಲಿ ಕೊಚ್ಚಿಗೆ ಹೋದವು. ಮೊದಲ ಕೊಚ್ಚಿ-ಮುಜಿರಿಸ್ ಬಿನಾಲೆಗಾಗಿ ಅವನ್ನು ಒಟ್ಟುಮಾಡಿ ಸಾಗಿಸಿದವರು ಕಲಾವಿದೆ ಶೀಲಾ ಗೌಡ ಮತ್ತು ಸ್ವಿಸ್ ಕಲಾವಿದ ಕ್ರಿಸ್ಟೋಫ್ ಸ್ಟೋರ್ಜ್. ಕೃತಿಯ ಹೆಸರು ‘ಸ್ಟಾಪ್‌ಓವರ್’, ಅಂದರೆ ದಾರಿ ನಡುವಿನ ತಂಗು. ಒಂದು ಕಾಲದಲ್ಲಿ ಮೆಣಸು, ಏಲಕ್ಕಿಯ ವ್ಯಾಪಾರ ನಡೆದ ಬಂದರಿನಲ್ಲಿ, ಮಸಾಲೆ ಅರೆದು ಅರೆದು ನುಣುಪಾದ ಕಲ್ಲುಗಳು ಸಮುದ್ರಕ್ಕೆ ಮುಖಮಾಡಿ ನಿಂತವು. ಕಲಾವಿದರು ಅವನ್ನು ಕೆತ್ತಿ ಮೂರ್ತಿ ಮಾಡಲಿಲ್ಲ. ಒರಳು ಒರಳಾಗಿಯೇ ಉಳಿಯಿತು. ಆದರೆ ಅಷ್ಟು ಒರಳುಗಳನ್ನು ಒಟ್ಟಿಗೆ ಕಂಡಾಗ ಒಂದು ಊರಿನ ಅಷ್ಟೂ ಅಡುಗೆಮನೆಗಳು ಕಣ್ಣೆದುರು ಬರುತ್ತವೆ.

ಶೀಲಾ ಗೌಡ ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ಆರ್.ಎಂ. ಹಡಪದ ಅವರು ಬೆಂಗಳೂರಿನಲ್ಲಿ ಕಟ್ಟಿದ ಕೆನ್ ಕಲಾಶಾಲೆಯಲ್ಲಿ ಮೊದಲ ಪಾಠ. ನಂತರ ಬರೋಡಾ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್. ಕಲಿತದ್ದು ಚಿತ್ರಕಲೆ. 1990ರ ದಶಕದ ಆರಂಭದಲ್ಲಿ ದೇಶ ಕೋಮುಗಲಭೆಯಲ್ಲಿ ಬೇಯುತ್ತಿದ್ದಾಗ ಕ್ಯಾನ್ವಾಸು, ತೈಲವರ್ಣ ಅವರಿಗೆ ಸಾಲದಾದವು. ಅವರು ಸೆಗಣಿಯನ್ನು ಕೈಗೆತ್ತಿಕೊಂಡರು. ಅಂಗಳ ಸಾರಿಸುವ, ಬೆರಣಿ ತಟ್ಟುವ, ಪೂಜೆಗೂ ಒಲೆಗೂ ಸಲ್ಲುವ ಸೆಗಣಿ. 1996ರ ಒಂದು ಕೃತಿಯಲ್ಲಿ ಸೆಗಣಿಯ ಇಟ್ಟಿಗೆಗಳು ನೆಲದ ಮೇಲೆ ಬಾಗಿದ ಗೆರೆಯಾಗಿ ಸಾಗುತ್ತವೆ. ಇಟ್ಟಿಗೆಗಳ ಸಂದಿಯಲ್ಲಿ ಗಾರೆ ಇರಬೇಕಾದಲ್ಲಿ ಕುಂಕುಮ ಇದೆ. ಗಾಯವೋ, ಬೈತಲೆಯೋ, ಗಡಿಯೋ? ಕೃತಿ ಯಾವುದನ್ನೂ ಹೇಳುವುದಿಲ್ಲ. ನೋಡುವವರಿಗೆ ಮೂರೂ ಹೊಳೆಯುತ್ತವೆ.

ಆಮೇಲೆ ಬಂದದ್ದು ದಾರ. ಸೂಜಿಗೆ ದಾರ ಪೋಣಿಸಿ, ಹಾಗೆ ಪೋಣಿಸಿದ ನೂರಾರು ಎಳೆಗಳನ್ನು ಕುಂಕುಮದ ಕೆಂಪಿನಲ್ಲಿ ಅಂಟಿಸಿ ಹಗ್ಗ ಮಾಡಿದರು. ಹಗ್ಗ ಗೋಡೆಯಿಂದ ಇಳಿದು ನೆಲದಲ್ಲಿ ಸುರುಳಿ ಸುತ್ತಿಕೊಳ್ಳುತ್ತದೆ, ತುದಿಯಲ್ಲಿ ಸೂಜಿಗಳು ಗೊಂಚಲಾಗಿ ಮಿನುಗುತ್ತವೆ. ದೂರದಿಂದ ನೋಡಿದರೆ ಗಾಳಿಯಲ್ಲಿ ಎಳೆದ ಗೆರೆ. ಹತ್ತಿರ ಹೋದರೆ ಹೊಲಿಗೆ ಕೆಲಸದ ಹೆಂಗಸಿನ ಕಣ್ಣುನೋವು, ಬೆರಳುನೋವು. ಕೃತಿಗೆ ‘ನನ್ನ ನೋವನ್ನು ಅವನಿಗೆ ಹೇಳು’ ಎಂಬ ಅರ್ಥದ ಹೆಸರಿದೆ.

2009ರಲ್ಲಿ ವೆನಿಸ್ ಬಿನಾಲೆಯಲ್ಲಿ ಜಗತ್ತು ಕಂಡದ್ದು ‘ಬಿಹೋಲ್ಡ್’. ಸುಮಾರು 4,000 ಮೀಟರ್ ಉದ್ದದ, ಮನುಷ್ಯರ ಕೂದಲಿನಿಂದ ಹೊಸೆದ ಹಗ್ಗ, ಜೊತೆಗೆ ಕಾರುಗಳ ಉಕ್ಕಿನ ಬಂಪರುಗಳು. ಕಾಮಾಕ್ಷಿಪಾಳ್ಯದ ಯಾವುದೇ ಗ್ಯಾರೇಜಿನ ಮುಂದೆ ನಿಂತವರಿಗೆ ಈ ಕೃತಿಯ ಮೂಲವನ್ನು ವಿವರಿಸಬೇಕಾಗಿಲ್ಲ. ಹೊಸ ಗಾಡಿಗೆ ದೃಷ್ಟಿ ತಾಗದಿರಲೆಂದು ಬಂಪರಿಗೆ ಕಟ್ಟುವ ಕಪ್ಪು ಹಗ್ಗ ಅದು. ದೇವಸ್ಥಾನಗಳಲ್ಲಿ ಹರಕೆಗೆ ಕೊಟ್ಟ ಮುಡಿಯಲ್ಲಿ ಉದ್ದದ ಕೂದಲು ವಿಗ್ಗಿನ ವ್ಯಾಪಾರಕ್ಕೆ ಹೋಗುತ್ತದೆ, ತುಂಡು ಕೂದಲು ಹೀಗೆ ಹಗ್ಗವಾಗುತ್ತದೆ. ವೆನಿಸ್ಸಿನಲ್ಲಿ ಭಾರದ ಉಕ್ಕು ಹಗುರ ಕೂದಲಿಗೆ ಜೋತುಬಿದ್ದಿತ್ತು. ಹರಕೆಯ ನಂಬಿಕೆ ಎಷ್ಟು ತೂಕ ಹೊರಬಲ್ಲದು ಎಂಬುದನ್ನು ಇದಕ್ಕಿಂತ ನೇರವಾಗಿ ತೋರಿಸಿದ ಕೃತಿ ನಮ್ಮ ಕಾಲದಲ್ಲಿ ವಿರಳ. ಅದೀಗ ಬ್ರಿಟನ್ನಿನ ಟೇಟ್ ಸಂಗ್ರಹದಲ್ಲಿದೆ.

ಡಾಂಬರಿನ ಡ್ರಮ್ಮುಗಳ ಕಥೆ ಇನ್ನೂ ಹತ್ತಿರದ್ದು. ಮಾಗಡಿ ರಸ್ತೆ, ಮೈಸೂರು ರಸ್ತೆ, ಹೊರವರ್ತುಲ ರಸ್ತೆ ಅಗಲವಾದ ವರ್ಷಗಳಲ್ಲಿ ಇಂಥ ಡ್ರಮ್ಮುಗಳು ದಾರಿಯುದ್ದಕ್ಕೂ ಬಿದ್ದಿರುತ್ತಿದ್ದವು. ರಸ್ತೆ ಕೆಲಸದ ಕುಟುಂಬಗಳು ಖಾಲಿ ಡ್ರಮ್ಮನ್ನು ಸೀಳಿ, ಬಡಿದು, ತಗಡು ಮಾಡಿ ಗುಡಿಸಲು ಕಟ್ಟಿಕೊಳ್ಳುತ್ತವೆ. 2006ರ ‘ಡಾರ್ಕ್‌ರೂಮ್’ ಅಂಥದ್ದೇ ಒಂದು ಗೂಡು. ಹೊರಗಡೆ ಒಂದರ ಮೇಲೊಂದು ನಿಲ್ಲಿಸಿದ ಡ್ರಮ್ಮುಗಳು ಅರಮನೆಯ ಕಂಬಗಳಂತೆ ಕಾಣುತ್ತವೆ. ಬಗ್ಗಿ ಒಳಹೊಕ್ಕರೆ ಕಗ್ಗತ್ತಲು. ತಲೆಯೆತ್ತಿದರೆ ತಗಡಿನ ಚಾವಣಿಯಲ್ಲಿ ಕೊರೆದ ಸಣ್ಣ ತೂತುಗಳಿಂದ ಬೆಳಕು ಬಿದ್ದು ನಕ್ಷತ್ರಗಳ ಆಕಾಶವಾಗುತ್ತದೆ. ತಗಡಿನ ಮನೆಯಲ್ಲಿ ಮಲಗಿ ಎದ್ದವರಿಗೆ ಆ ತೂತುಗಳು ಗೊತ್ತು, ಮಳೆಗಾಲದಲ್ಲಿ ಅವುಗಳ ಕೆಳಗೆ ಪಾತ್ರೆ ಇಡುವುದೂ ಗೊತ್ತು.

2008ರ ಕೃತಿಗೆ ಅವರಿಟ್ಟ ಹೆಸರು ‘ಕಾಗೆಬಂಗಾರ’. ಚಪ್ಪಟೆ ಮಾಡಿದ ಡಾಂಬರಿನ ತಗಡು, ನೀಲಿ ಹಳದಿ ಟಾರ್ಪಾಲು, ನಡುನಡುವೆ ಮಿನುಗುವ ಅಭ್ರಕ. ಚೌಕ, ಆಯತಗಳ ಈ ಜೋಡಣೆಯನ್ನು ಕಂಡ ಪಾಶ್ಚಾತ್ಯ ವೀಕ್ಷಕರಿಗೆ ತಮ್ಮ ಅಮೂರ್ತ ಚಿತ್ರಕಲೆಯ ಇಡೀ ಪರಂಪರೆ ನೆನಪಾಗುತ್ತದೆ. ಕನ್ನಡ ಬಲ್ಲವರಿಗೆ ಹೆಸರೇ ಅರ್ಧ ಕೃತಿ. ಮಣ್ಣಲ್ಲಿ ಹೊಳೆಯುವ ಚೂರನ್ನು ಚಿನ್ನವೆಂದು ಹೆಕ್ಕಿ ಚಡ್ಡಿ ಜೇಬಿಗೆ ಹಾಕಿಕೊಂಡ ಬಾಲ್ಯ ಆ ಒಂದು ಪದದಲ್ಲಿದೆ. ಅದನ್ನು ಯಾವ ಭಾಷೆಯ ಅಡಿಟಿಪ್ಪಣಿಯೂ ತುಂಬಿಕೊಡಲಾರದು.

ಅಮೂರ್ತ ಕಲೆಯ ಬಗ್ಗೆ ನಮ್ಮಲ್ಲಿ ಒಂದು ಮಾತು ಚಾಲ್ತಿಯಲ್ಲಿದೆ: ಅದು ಓದಿದವರಿಗೆ, ಇಂಗ್ಲಿಷ್ ಬಲ್ಲವರಿಗೆ, ಹಣವಂತರಿಗೆ; ಜನಸಾಮಾನ್ಯರಿಗೆ ಗೊತ್ತಾಗುವ ಕಲೆಯೆಂದರೆ ಸೂರ್ಯಾಸ್ತ, ಗಣಪತಿ, ಎತ್ತಿನಗಾಡಿ. ಶೀಲಾ ಗೌಡರ ಕೃತಿಗಳ ಮುಂದೆ ಈ ಮಾತು ನಿಲ್ಲುವುದಿಲ್ಲ. ಇಲ್ಲಿ ಓದಬೇಕಾದದ್ದು ವಸ್ತುವನ್ನು. ತಗಡು ಬಡಿದವರು, ಸೂಜಿಗೆ ದಾರ ಪೋಣಿಸಿದವರು, ಊದಿನಕಡ್ಡಿ ಹೊಸೆದವರು ಆ ಓದಿನಲ್ಲಿ ಯಾವ ವಿಮರ್ಶಕನಿಗಿಂತಲೂ ಮುಂದಿದ್ದಾರೆ. 2007ರಲ್ಲಿ ಜರ್ಮನಿಯ ಕಾಸೆಲ್ ನಗರದ ಡಾಕ್ಯುಮೆಂಟಾ ಪ್ರದರ್ಶನದಲ್ಲಿ ಅವರು ಊದಿನಕಡ್ಡಿಯ ಹಿಟ್ಟನ್ನು ನಾದಿ, ಜಾಲರಿಯ ಮೇಲೆ ಬಗೆಬಗೆಯ ಆಕಾರಗಳಲ್ಲಿ ಹರಡಿ, ಸುಟ್ಟು, ಉಳಿದ ಬೂದಿಯನ್ನೇ ಕೃತಿಯಾಗಿ ಇಟ್ಟರು. ಮನೆಯಲ್ಲಿ ಕೂತು ಸಾವಿರ ಕಡ್ಡಿ ಲೆಕ್ಕದಲ್ಲಿ ಹೊಸೆದು ಕೂಲಿ ಪಡೆದ ಹೆಂಗಸೊಬ್ಬಳು ಆ ಬೂದಿಯ ಮುಂದೆ ನಿಂತರೆ ಏನು ಹೇಳುತ್ತಿದ್ದಳು? ಆ ಮಾತನ್ನು ಕೇಳುವ ಅವಕಾಶವನ್ನು ಈ ನಗರ ಈವರೆಗೆ ಕಲ್ಪಿಸಿಲ್ಲ. ಕಲೆಗೂ ಇದು ನಷ್ಟ, ಆಕೆಗೂ ನಷ್ಟ.

ಬೆಂಗಳೂರಿನ ಕಲಾತಾಣಗಳ ನಕ್ಷೆ ನೋಡಿದರೆ ಕಾರಣ ತಿಳಿಯುತ್ತದೆ. ವೆಂಕಟಪ್ಪ ಕಲಾ ಗ್ಯಾಲರಿ ಕಸ್ತೂರಬಾ ರಸ್ತೆಯಲ್ಲಿ. 2023ರಲ್ಲಿ ತೆರೆದ ‘ಮ್ಯಾಪ್’ ವಸ್ತುಸಂಗ್ರಹಾಲಯವೂ ಅದೇ ರಸ್ತೆಯಲ್ಲಿ. ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ 2009ರಲ್ಲಿ ಬಾಗಿಲು ತೆರೆದದ್ದು ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ. ಚಿತ್ರಕಲಾ ಪರಿಷತ್ತಿನ ಗ್ಯಾಲರಿಗಳು, ಜನವರಿಯ ಚಿತ್ರಸಂತೆ ಕುಮಾರಕೃಪಾ ರಸ್ತೆಯಲ್ಲಿ. ಮೆಟ್ರೋ ನಿಗಮ ‘ರಂಗೋಲಿ’ ಕಲಾಕೇಂದ್ರ ಮಾಡಿದಾಗಲೂ ಆರಿಸಿಕೊಂಡದ್ದು ಎಂ.ಜಿ. ರಸ್ತೆಯನ್ನೇ. ನಗರದ ಪಶ್ಚಿಮದಲ್ಲಿ ನಾಟಕಕ್ಕೆ ಬಸವೇಶ್ವರನಗರದ ಕೆ.ಇ.ಎ. ಪ್ರಭಾತ್ ರಂಗಮಂದಿರ, ಮಲ್ಲತ್ತಹಳ್ಳಿಯ ಕಲಾಗ್ರಾಮ ಇವೆ. ರುಮಾಲೆ ಚೆನ್ನಬಸವಯ್ಯನವರ ಚಿತ್ರಗಳನ್ನು ರಾಜಾಜಿನಗರದ ಒಂದು ಮನೆ ಕಾಪಾಡಿಕೊಂಡು ಬಂದಿದೆ. ಆದರೆ ಸಮಕಾಲೀನ ಕಲೆಗೆಂದೇ ಮೀಸಲಾದ ದೊಡ್ಡ ಸಾರ್ವಜನಿಕ ಜಾಗವೊಂದು ವಿಜಯನಗರದಿಂದ ಕೆಂಗೇರಿಯವರೆಗೆ ಇಲ್ಲ. ಕೇಂದ್ರದ ಗ್ಯಾಲರಿಗಳಿಗೆ ಹೋಗೋಣವೆಂದರೆ ಪಾಳಿ ಮುಗಿಯುವ ಹೊತ್ತಿಗೆ ಅವುಗಳ ಬಾಗಿಲು ಬಿದ್ದಿರುತ್ತದೆ.

ಇಲ್ಲಿ ಬೇಕಾಗಿರುವುದು ಅಮೃತಶಿಲೆಯ ಕಟ್ಟಡವಲ್ಲ, ಒಂದು ಶೆಡ್ಡು. 2019ರಲ್ಲಿ ಶೀಲಾ ಗೌಡರ ದೊಡ್ಡ ಪ್ರದರ್ಶನ ‘ರಿಮೇನ್ಸ್’ ನಡೆದ ಮಿಲಾನಿನ ಪಿರೆಲ್ಲಿ ಹ್ಯಾಂಗರ್‌ಬಿಕೊಕ್ಕಾ ಕೂಡ ಮೂಲದಲ್ಲಿ ಶೆಡ್ಡೇ. ರೈಲು ಎಂಜಿನ್ ತಯಾರಿಸುತ್ತಿದ್ದ ಕಾರ್ಖಾನೆ ಮುಚ್ಚಿದ ಮೇಲೆ ಅದನ್ನು ಕಲೆಗೆ ಬಿಟ್ಟುಕೊಟ್ಟರು. ಪ್ರವೇಶ ಉಚಿತ. ಬೆಂಗಳೂರಿನ ಪಶ್ಚಿಮಕ್ಕೆ ಕಾರ್ಖಾನೆಗಳ ಕೊರತೆ ಎಂದೂ ಇರಲಿಲ್ಲ. ಬಿನ್ನಿ ಮಿಲ್ಲಿನ ಜಾಗದಲ್ಲಿ ಅಪಾರ್ಟ್‌ಮೆಂಟು, ಮಾಲು ಎದ್ದಿವೆ. ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಮೆಷಿನ್ನುಗಳು ತಿರುಗುತ್ತಿದ್ದ ಎಷ್ಟೋ ಶೆಡ್ಡುಗಳು ಗೋದಾಮು, ಷೋರೂಮುಗಳಾಗಿವೆ. ಎತ್ತರದ ಚಾವಣಿ, ಗಟ್ಟಿ ನೆಲ, ಲಾರಿ ಒಳಬರುವಷ್ಟು ಅಗಲದ ಬಾಗಿಲು: ಡ್ರಮ್ಮು, ಒರಳುಕಲ್ಲುಗಳ ಕಲೆಗೆ ಬೇಕಾದದ್ದೆಲ್ಲ ಅಲ್ಲಿತ್ತು, ಕೆಲವೆಡೆ ಇನ್ನೂ ಇದೆ.

ಕೃತಿಗಳ ಬರವಂತೂ ಇಲ್ಲ. ಬೆಂಗಳೂರಿನಲ್ಲೇ 1977ರಲ್ಲಿ ಹುಟ್ಟಿ ಚಿತ್ರಕಲಾ ಪರಿಷತ್ತಿನಲ್ಲಿ ಶಿಲ್ಪಕಲೆ ಕಲಿತ ರಂಜನಿ ಶೆಟ್ಟರ್ ಹಳೆಯ ಕಾರುಗಳ ತಗಡನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಬುಟ್ಟಿ ಹೆಣೆದಂತೆ ಹೆಣೆದಿದ್ದಾರೆ. ಜೇನುಮೇಣ, ಅರಗು, ಹುಣಸೆಬೀಜದ ಸರಿ ಹಚ್ಚಿದ ಮಸ್ಲಿನ್ ಬಟ್ಟೆ ಅವರ ಕೈಯಲ್ಲಿ ಹನಿಯಾಗಿ, ಮೊಗ್ಗಾಗಿ ಚಾವಣಿಯಿಂದ ಇಳಿಯುತ್ತವೆ. 2018ರಲ್ಲಿ ಅವರ ‘ಏಳು ಕೊಳಗಳು, ಕೆಲವು ಮಳೆಹನಿಗಳು’ ಎಂಬ ಅರ್ಥದ ಕೃತಿಯನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಪ್ರದರ್ಶಿಸಿತು. ಕಂಬಳಿಗೆ ಹುಣಸೆಬೀಜದ ಗಂಜಿ ಹಾಕುವುದನ್ನು ಕಂಡ ಚಿತ್ರದುರ್ಗದ ಕುರುಬರ ಮನೆಯ ಹುಡುಗಿ ಅದನ್ನು ನೋಡಲು ನ್ಯೂಯಾರ್ಕಿಗೆ ಹೋಗಬೇಕೇ?

ಬೆಂಗಳೂರಿನ ಪಶ್ಚಿಮದ ಜನಕ್ಕೆ ಇಂಥದ್ದರಲ್ಲಿ ಆಸಕ್ತಿ ಇಲ್ಲವೆನ್ನುವವರು 2019ರ ಸೆಪ್ಟೆಂಬರನ್ನು ನೆನಪಿಸಿಕೊಳ್ಳಲಿ. ಕಲಾವಿದ ಬಾದಲ್ ನಂಜುಂಡಸ್ವಾಮಿ ಹೇರೋಹಳ್ಳಿ ಬಳಿಯ ತುಂಗಾನಗರದ ಮುಖ್ಯರಸ್ತೆಯಲ್ಲಿ ಗಗನಯಾತ್ರಿಯ ದಿರಿಸು ತೊಡಿಸಿ ಒಬ್ಬ ನಟನನ್ನು ನಡೆಸಿದರು. ಗುಂಡಿಗಳು ಚಂದ್ರನ ಕುಳಿಗಳಾಗಿ ಕಂಡವು. ವಿಡಿಯೊ ದೇಶ ದಾಟಿತು, ಪಾಲಿಕೆ ಬಂದು ರಸ್ತೆ ಸರಿಮಾಡಿತು. ಅದು ಅಮೂರ್ತ ಕಲೆಯಲ್ಲ, ನಿಜ. ಆದರೆ ಬಿದ್ದಿರುವುದನ್ನು ಬಿದ್ದಲ್ಲೇ ಬೇರೆ ಕಣ್ಣಿನಿಂದ ತೋರಿಸುವ ಕಸುಬು ಅದೇ. ಬೀದಿಯವರಿಗೆ ಅದು ಅರ್ಥವಾಗಲು ಯಾವ ವಿವರಣೆಯೂ ಬೇಕಾಗಲಿಲ್ಲ.

ಸರ್ಕಾರ ಇಂಥದ್ದಕ್ಕೆ ಕೈ ಜೋಡಿಸಿದ ಉದಾಹರಣೆ ದೇಶದಲ್ಲಿದೆ. ಚಂಡೀಗಢದಲ್ಲಿ ರಸ್ತೆ ಇನ್ಸ್‌ಪೆಕ್ಟರ್ ಆಗಿದ್ದ ನೇಕ್ ಚಂದ್ ಒಡೆದ ಬಳೆ, ಪಿಂಗಾಣಿ ಚೂರುಗಳಿಂದ ಕಾಡಿನೊಳಗೆ ಗುಟ್ಟಾಗಿ ಕಟ್ಟಿದ ಶಿಲ್ಪಗಳ ತೋಟ ಬಯಲಾದಾಗ ಅದನ್ನು ಕೆಡವಬಹುದಿತ್ತು. ಆಡಳಿತ 1976ರಲ್ಲಿ ಅದನ್ನು ಜನರಿಗೆ ತೆರೆದು, ಅವರಿಗೆ ಸಂಬಳ, ಕೆಲಸಗಾರರನ್ನು ಕೊಟ್ಟಿತು. ಕರ್ನಾಟಕದ ಮುಂದಿರುವ ಕೆಲಸ ಅದಕ್ಕಿಂತ ಸುಲಭದ್ದು. ಕಲಾಗ್ರಾಮಕ್ಕೆ ಸರ್ಕಾರದ ನೆಲವಿದೆ, ಪಕ್ಕದಲ್ಲೇ ಬೆಂಗಳೂರು ವಿಶ್ವವಿದ್ಯಾಲಯದ ಸಾವಿರ ಎಕರೆ ಮೀರಿದ ಆವರಣವಿದೆ. 2021ರಿಂದ ಕೆಂಗೇರಿವರೆಗೆ ಮೆಟ್ರೋ ಓಡುತ್ತಿದೆ, ಜ್ಞಾನಭಾರತಿಯಲ್ಲಿ ನಿಲ್ದಾಣವೂ ಇದೆ. ಲಲಿತಕಲಾ ಅಕಾಡೆಮಿ, ಸಂಸ್ಕೃತಿ ಇಲಾಖೆ, ಮೆಟ್ರೋ ನಿಗಮ ಒಟ್ಟಿಗೆ ಕೂತರೆ ಒಂದು ಶೆಡ್ಡು ದೊಡ್ಡ ಮಾತಲ್ಲ. ಟೇಟಿನಿಂದ ಕೃತಿಯನ್ನು ಎರವಲು ತರುವುದು ದುಬಾರಿಯಾದರೆ ಅದು ಆಮೇಲಾಗಲಿ. ಇಲ್ಲಿನ ಕಲಾವಿದರ ಕೃತಿಗಳನ್ನು ಜನರ ಹೆಸರಿನಲ್ಲಿ ಕೊಳ್ಳುವುದರಿಂದ ಶುರುಮಾಡಬಹುದು. ಗೋಡೆಯ ಬರಹ ಮೊದಲು ಕನ್ನಡದಲ್ಲಿರಲಿ. ಭಾನುವಾರ ತೆರೆದಿರಲಿ, ವಾರದಲ್ಲಿ ಕೆಲವು ದಿನ ರಾತ್ರಿ ಒಂಬತ್ತರವರೆಗೆ ದೀಪ ಉರಿಯಲಿ.

ಶೀಲಾ ಗೌಡರ 2017ರ ಇನ್ನೊಂದು ಕೃತಿ ಬಾಂಡ್ಲಿಯ ಕುರಿತದ್ದು. ಗಾರೆ ಕೆಲಸದವರು ತಲೆಯ ಮೇಲೆ ಹೊರುವ, ಜಲ್ಲಿ ಸಿಮೆಂಟಿನ ಬಾಂಡ್ಲಿ. ಹಳೆಯ ಡ್ರಮ್ಮನ್ನು ಸೀಳಿ ತಗಡು ಮಾಡಿ, ಅದರಿಂದ ದುಂಡಗೆ ಕತ್ತರಿಸಿ, ಒತ್ತಿ ಅದನ್ನು ಮಾಡುತ್ತಾರೆ. ಬಾಂಡ್ಲಿ ಕೆಲಸಕ್ಕೆ ಹೋದ ಮೇಲೆ ದುಂಡು ತೂತುಗಳ ತಗಡು ಉಳಿಯುತ್ತದೆ. ಆ ಉಳಿದ ತಗಡುಗಳೇ ಕೃತಿ. ಯುರೋಪಿನ ಪ್ರದರ್ಶನಾಲಯದ ಬಿಳಿ ಬೆಳಕಿನಲ್ಲಿ ಅವು ಖಾಲಿ ವೃತ್ತಗಳ ಸಾಲಾಗಿ ನಿಂತವು. ಆ ವೃತ್ತಗಳಿಂದ ಹೊರಬಿದ್ದಂಥ ಬಾಂಡ್ಲಿಗಳು ಈ ಹೊತ್ತಿನಲ್ಲಿ ನಾಗರಭಾವಿಯ ಯಾವುದೋ ಸೈಟಿನಲ್ಲಿ, ಮೂರನೇ ಮಹಡಿಯ ಮೋಲ್ಡಿಂಗಿಗೆ, ಕೈಯಿಂದ ಕೈಗೆ ಮೇಲೇರುತ್ತಿವೆ.